ನಾನು ದೇಶಾಂತರ ಹೋದದ್ದು

ಚೀನಕ್ಕೆ ಹೋಗಿ ಬರುವುದು ಅಂಥ ಕಷ್ಟದ ಕೆಲಸವಲ್ಲ ಎಂಬ ತೀರ್ಮಾನಕ್ಕೆ ನಾನು ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ನಮ್ಮ ಮನೆಯ ಜಗಲಿಯಲ್ಲಿ, ಅಟ್ಲಾಸಿನ ಮೇಲೆ ಅಡಿಕೋಲು ಇಟ್ಟು ಅಳೆದ ಮೇಲೆ. ಹೊನ್ನಾವರದಿಂದ ದಿಲ್ಲಿಗೆ ಐದು ಸೆಂಟಿಮೀಟರು. ಹೊನ್ನಾವರದಿಂದ ಶಿಆನ್ ಎಂಬ ಪುರಾತನ ನಗರಕ್ಕೆ ಹನ್ನೆರಡೂವರೆ. ನಡುವೆ ಹಿಮಾಲಯ ಇದೆ, ನಿಜ. ಆದರೆ ಅಡಿಕೋಲಿಗೆ ಅದು ಎಲ್ಲೂ ಅಡ್ಡ ಬರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವವನು. ಎರಡು ಸಾವಿರದ ಆರನೇ ಇಸವಿಯ ಹೊತ್ತಿಗೆ ಒಂದು ಪಾಠವನ್ನು ಇಪ್ಪತ್ತೆಂಟು ವರ್ಷದಲ್ಲಿ ಇಪ್ಪತ್ತೆಂಟು ಸಲ ಮಾಡಿದ್ದೆ. ಚೀನದ ಯಾತ್ರಿಕನೊಬ್ಬ ಆ ಊರಿನಿಂದ ಹೊರಟು, ಮರಳುಗಾಡು ದಾಟಿ, ಹಿಮದ ಬೆಟ್ಟ ಹತ್ತಿ ಇಳಿದು, ಕನ್ನಡ ನಾಡಿನವರೆಗೂ ಬಂದು, ನಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದಿಟ್ಟು ಹೋದ ಪಾಠ. ಅವನ ಹೆಸರನ್ನು ಪ್ರತಿ ಹೊಸ ಪಠ್ಯಪುಸ್ತಕ ಒಂದೊಂದು ರೀತಿ ಬರೆಯುತ್ತಿತ್ತು. ಮಕ್ಕಳು ಉತ್ತರಪತ್ರಿಕೆಯಲ್ಲಿ ಇನ್ನೊಂದು ರೀತಿ ಬರೆಯುತ್ತಿದ್ದರು. ನಾನು ಎಲ್ಲದಕ್ಕೂ ಅಂಕ ಕೊಡುತ್ತಿದ್ದೆ, ಏಕೆಂದರೆ ಸರಿ ಯಾವುದೆಂದು ನನಗೂ ಗೊತ್ತಿರಲಿಲ್ಲ.

ಮುಂದಿನ ವರ್ಷ ನನ್ನ ನಿವೃತ್ತಿ. ಅಂದರೆ ಆ ಪಾಠ ಮಾಡಲು ಉಳಿದದ್ದು ಒಂದೇ ಜೂನ್. ಆ ಒಂದು ಸಲವಾದರೂ ಊರನ್ನು ಕಣ್ಣಾರೆ ಕಂಡು ಬಂದು ಪಾಠ ಮಾಡಬೇಕು, ಅದರ ಕೋಟೆಗೋಡೆಯ ಮೇಲೆ ಕೈ ಇಟ್ಟು ಬಂದವನ ಹಾಗೆ ಮಕ್ಕಳ ಮುಂದೆ ನಿಲ್ಲಬೇಕು ಎಂಬುದು ನನ್ನ ಹಟ. ಇಪ್ಪತ್ತೆಂಟು ವರ್ಷ ಕಾಣದ ಊರಿನ ವರ್ಣನೆ ಮಾಡಿದವನಿಗೆ ಇಷ್ಟೂ ಆಸೆ ಇರಬಾರದೇ?

"ಅವನು ಬಂದು ಹೋಗಿ ಸಾವಿರದ ಮುನ್ನೂರು ವರ್ಷ ದಾಟಿತು" ಎಂದು ಹೆಂಡತಿಗೆ ಹೇಳಿದೆ. "ನಮ್ಮ ಕಡೆಯಿಂದ ಒಬ್ಬರಾದರೂ ತಿರುಗಿ ಹೋಗಿ ಮುಖ ತೋರಿಸ್ಬೇಕೋ ಬೇಡವೋ?"

ಸುಮಿತ್ರಾ ತಾರ್ಲೆ ಮೀನು ಸ್ವಚ್ಛ ಮಾಡುತ್ತಿದ್ದವಳು ತಲೆ ಎತ್ತಲಿಲ್ಲ. "ನಮ್ಮಕ್ಕ ಕುಮಟೆಯಿಂದ ಬಂದು ಹೋಗಿ ವರ್ಷ ಆತು. ಮೊದಲು ಅಲ್ಲಿಗೆ ಹೋಗಿ ಮುಖ ತೋರಿಸಿ."

ಆದರೆ ಅವಳು ಪ್ರಾಥಮಿಕ ಶಾಲೆಯ ಅಕ್ಕೋರು. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತೇವೆ, ಮತ್ತು ಅಕ್ಕೋರು ಒಮ್ಮೆ ಒಂದು ವಿಷಯ ಕೈಗೆತ್ತಿಕೊಂಡರೆ ಮುಗಿಸದೆ ಬಿಡುವುದಿಲ್ಲ. ವಾರದೊಳಗೆ ಅವಳ ಹಟ ನನ್ನ ಹಟವನ್ನು ಹಿಂದೆ ಹಾಕಿತು. ಕೋಟೆಗೋಡೆ ಹತ್ತಲು ಕಾಲಿಗೆ ಬಲ ಬೇಕೆಂದು ದಿನಾ ಬೆಳಿಗ್ಗೆ ಶರಾವತಿ ಸೇತುವೆಯ ತುದಿಯವರೆಗೆ ನಡೆದು ಬರತೊಡಗಿದಳು. ಅಲ್ಲಿ ಎರಡು ಕಡ್ಡಿಯಲ್ಲಿ ಊಟ ಮಾಡುತ್ತಾರೆಂದು ಎಲ್ಲೋ ಓದಿ, ಕಸ ಗುಡಿಸಲು ತಂದ ಹೊಸ ಹಿಡಿಯಿಂದ ಎರಡು ಕಡ್ಡಿ ಮುರಿದು ಬಂಗಡೆ ಮೀನಿನ ತುಂಡು ಎತ್ತುವ ಅಭ್ಯಾಸ ಮಾಡಿದಳು. ಮೂರನೇ ದಿನ ಮುಳ್ಳನ್ನೂ ಕಡ್ಡಿಯಲ್ಲೇ ಬಿಡಿಸಿದಳು. ನನ್ನ ತುಂಡು ಮಾತ್ರ ಪ್ರತಿದಿನ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಬೆಕ್ಕು ಅದೇ ಹೊತ್ತಿಗೆ ಅಲ್ಲಿ ಬಂದು ಕೂರಲು ಕಲಿಯಿತು.

ಕೇರಿಯಲ್ಲಿ ಸುದ್ದಿ ಹಬ್ಬಿತು. ಎದುರುಮನೆಯ ಮಾದೇವಿ ಬೇಲಿಯ ಆಚೆಯಿಂದ ಕೇಳಿದಳು. "ಮಾಸ್ತರ್ರೆ, ಶಿಯಾಳಕ್ಕೆ ಅಷ್ಟು ದೂರ ಎಂತಕ್ಕೆ ಹೋಗ್ತ್ರಿ? ನಮ್ಮ ತೆಂಗಿನ ಮರದಲ್ಲೇ ಇತ್ತಲ್ಲ."

"ಶಿಯಾಳ ಅಲ್ಲ ಮಾದೇವಿ. ಶಿಆನ್."

"ಅದೇ ನಾ ಹೇಳಿದ್ದು" ಎಂದಳು.

ಪ್ರಯಾಣದ ಏರ್ಪಾಡಿಗೆ ಭಟ್ಕಳಕ್ಕೆ ಹೋದೆ. ಅಲ್ಲಿ ಇಕ್ಬಾಲ್ ಸಾಹೇಬರ ಟಿಕೆಟ್ ಕಚೇರಿ ಇತ್ತು. ಗೋಡೆಯ ತುಂಬ ದುಬೈ, ಮಸ್ಕತ್, ಜೆದ್ದಾ. ನಾನು ಚೀಟಿಯಲ್ಲಿ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಅವರು ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು.

"ಎಕ್ಸ್‌ನಿಂದ ಶುರು ಆಗ್ತದೆ ಮಾಸ್ತರ್ ಸಾಬ್. ಎಕ್ಸ್ ಅಂದ್ರೆ ತಪ್ಪು ಅಂತ ನೀವೇ ಅಲ್ವಾ ಮಕ್ಕಳಿಗೆ ಹಾಕೂದು?"

"ಬಹಳ ಹಳೆಯ ಊರು" ಎಂದೆ.

"ಹಳೇ ಊರು ನೋಡ್ಲಿಕ್ಕೆ ವಿಮಾನ ಎಂತಕ್ಕೆ? ನಮ್ಮ ಭಟ್ಕಳ ಎಂತ ನಿನ್ನೆ ಮೊನ್ನೆದಾ? ನಿಮಗೆ ಹೊಸ ಊರು ತೋರಿಸ್ತೆ ಬನ್ನಿ, ದುಬೈ."

ನಾನು ಕದಲಲಿಲ್ಲ. ಕೊನೆಗೆ ಅವರೇ ಎಲ್ಲೆಲ್ಲಿಗೋ ಫೋನು ಮಾಡಿ, ಮೇ ತಿಂಗಳಲ್ಲಿ ಮುಂಬೈಯಿಂದ ಹೊರಡುವ ಒಂದು ಗುಂಪಿನಲ್ಲಿ ನಮಗೆ ಎರಡು ಜಾಗ ಹಿಡಿದುಕೊಟ್ಟರು. "ಏಪ್ರಿಲ್ ಕೊನೆಗೆ ಎರಡೂ ಪಾಸ್‌ಪೋರ್ಟ್ ನನ್ನ ಟೇಬಲ್ ಮೇಲೆ ಇರ್ಬೇಕು. ಮತ್ತೆ ನನಗೆ ಹೇಳ್ಬೇಡಿ."

ಏಪ್ರಿಲಿಗೆ ಇನ್ನೂ ನಾಲ್ಕು ತಿಂಗಳಿತ್ತು. ನಾನು ನಕ್ಕೆ.

ಕಾರವಾರಕ್ಕೆ ಹೋಗಿ ಇಬ್ಬರ ಅರ್ಜಿಯನ್ನೂ ಕೊಟ್ಟೆವು. ಸುಮಿತ್ರಾಳ ಅರ್ಜಿ ಒಂದೇ ಸಲಕ್ಕೆ ಒಳಗೆ ಹೋಯಿತು. ನನ್ನದು ವಾಪಸು ಬಂತು. 'ದೇಹದ ಮೇಲಿನ ಗುರುತು' ಎಂಬ ಕಲಮಿನಲ್ಲಿ ನಾನು, ಬಲಗೈ ಮೊಣಕೈಯಿಂದ ಎರಡು ಅಂಗುಲ ಕೆಳಗೆ ಇರುವ ಕಲೆ ಯಾವ ಸಂದರ್ಭದಲ್ಲಿ, ಯಾವ ಗೇರುಮರದಿಂದ ಬಿದ್ದಾಗ, ಯಾರ ಎದುರಿಗೆ ಆಯಿತು ಎಂಬುದನ್ನು ನಿಖರವಾಗಿ ಬರೆದು, ಜಾಗ ಸಾಲದೆ ಒಂದು ಹಾಳೆ ಅಂಟಿಸಿದ್ದೆ.

"ಇತಿಹಾಸ ಬ್ಯಾಡ ಸರ್, ಗುರುತು ಸಾಕು" ಎಂದರು ಗುಮಾಸ್ತರು.

ನಾನು ಹೀಗೆ ನಿಖರವಾಗಿ ಬರೆಯುವುದಕ್ಕೆ ಕಾರಣವಿದೆ. ಬಹಳ ಹಿಂದೆ ಒಬ್ಬರ ಬಾವಿಯ ತಕರಾರಿನಲ್ಲಿ ನಾನು ಕೋರ್ಟಿಗೆ ಸಾಕ್ಷಿ ಹೇಳಲು ಹೋಗಿದ್ದೆ. ಬಾವಿ ಎಷ್ಟು ದೂರ ಎಂದು ವಕೀಲರು ಕೇಳಿದಾಗ "ಸುಮಾರು ಹತ್ತು ಹೆಜ್ಜೆ" ಎಂದುಬಿಟ್ಟೆ. ಯಾರ ಹೆಜ್ಜೆ, ಯಾವ ಚಪ್ಪಲಿ, ಮಳೆಗಾಲದಲ್ಲೋ ಬೇಸಿಗೆಯಲ್ಲೋ ಎಂದು ಅವರು ನನ್ನನ್ನು ಮುಕ್ಕಾಲು ಗಂಟೆ ನಿಲ್ಲಿಸಿ ಕುಲುಕಿದರು. ಅಂದಿನಿಂದ ಎರಡು ನಿಯಮ ಮಾಡಿಕೊಂಡೆ. ಬರೆಯುವಾಗ ಒಂದಕ್ಷರ ಕಡಿಮೆ ಬರೆಯಬಾರದು. ಪೊಲೀಸರ ಮುಂದೆ ಒಂದಕ್ಷರ ಹೆಚ್ಚು ಆಡಬಾರದು. ಮೊದಲನೆಯ ನಿಯಮದಿಂದ ಹದಿನೈದು ದಿನ ಹಿಂದೆ ಬಿದ್ದೆ. ಎರಡನೆಯದರ ಕಥೆ ಮುಂದಿದೆ.

ಫೆಬ್ರವರಿಯಲ್ಲಿ ಪೊಲೀಸ್ ಠಾಣೆಯಿಂದ ಸುಮಿತ್ರಾಳಿಗೆ ಚೀಟಿ ಬಂತು. ವಿಚಾರಣೆಗೆ ಹಾಜರಾಗತಕ್ಕದ್ದು. ಹೋದಳು. ಅಲ್ಲಿಯ ಹೆಡ್ ಕಾನ್‌ಸ್ಟೇಬಲ್ ಒಂದನೇ ಕ್ಲಾಸಿನಲ್ಲಿ ಅವಳ ಕೈಯಲ್ಲಿ ಕಲಿತವರು. ಅಕ್ಕೋರನ್ನು ಕಂಡು ಎದ್ದು ನಿಂತು ಕೈಮುಗಿದರಂತೆ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಹಾಗಾದರೆ ನನಗೂ ಚೀಟಿ ಬರುತ್ತದೆ, ನಾನೂ ಹೋಗುತ್ತೇನೆ, ಐದು ನಿಮಿಷ. ಚೀಟಿಯ ದಾರಿ ಕಾಯುತ್ತ ಕುಳಿತೆ.

ಇಲ್ಲಿ ನಮ್ಮ ಕೇರಿಯ ಬಗ್ಗೆ ಒಂದು ವಿಷಯ ಹೇಳಬೇಕು. ನಮ್ಮ ಹಿರಿಯರೆಲ್ಲ ಒಂದೇ ದೇವರಿಗೆ ಹರಕೆ ಹೊತ್ತು ಮಕ್ಕಳನ್ನು ಪಡೆದವರು. ಹೀಗಾಗಿ ಹನ್ನೊಂದು ಮನೆಯ ಕೇರಿಯಲ್ಲಿ ನಾಲ್ವರು ಮಂಜುನಾಥ ನಾಯ್ಕರು. ಅದರಲ್ಲಿ ಇಬ್ಬರ ಅಪ್ಪಂದಿರು ತಿಮ್ಮಪ್ಪ. ಒಬ್ಬ ನಾನು, ಮಂಜು ಮಾಸ್ತರ. ಇನ್ನೊಬ್ಬ ಎದುರುಮನೆಯ ಮಾದೇವಿಯ ಗಂಡ, ಟೆಂಪೊ ಮಂಜುನಾಥ. ಹೊನ್ನಾವರ–ಭಟ್ಕಳ ನಡುವೆ ಟೆಂಪೊ ಓಡಿಸುತ್ತಾನೆ. ನಮ್ಮಿಬ್ಬರ ಟಪಾಲನ್ನು ಪೋಸ್ಟ್‌ಮ್ಯಾನ್ ಅಂದಾಜಿನ ಮೇಲೆ ಹಂಚುತ್ತಿದ್ದರು. ಲಕೋಟೆ ದಪ್ಪಗಿದ್ದರೆ ನನಗೆ, ಸರಕಾರಿ ಮೊಹರು ಇದ್ದರೆ ಅವನಿಗೆ.

ಮಾರ್ಚ್ ತಿಂಗಳ ಒಂದು ದಿನ ಮಾದೇವಿ ಬೆಳಿಗ್ಗೆಯೇ ಕಣ್ಣೊರೆಸುತ್ತ ಬಂದಳು. ಹಿಂದಿನ ದಿನ ಅವಳ ಗಂಡನ ಟೆಂಪೊ ಮೀನು ಮಾರ್ಕೆಟ್ಟಿನ ಚಪ್ಪರದ ಕಂಬಕ್ಕೆ ಗುದ್ದಿ, ಕಂಬ ಅಡ್ಡಬಿದ್ದಿತ್ತು. ಗಾಡಿಯ ಕಾಗದಪತ್ರದ ಅವಧಿ ಬೇರೆ ಮುಗಿದಿತ್ತು. ಹೆದ್ದಾರಿಯಲ್ಲಿ ಹೋದರೆ ಹಿಡಿಯುತ್ತಾರೆಂದು ಅವನು ಯಾರದೋ ಮೀನಿನ ಬೋಟು ಹತ್ತಿ ಮುರ್ಡೇಶ್ವರದ ಕಡೆ ಇಳಿದು, ಕಾಯ್ಕಿಣಿಯ ಮಾವನ ಮನೆ ಸೇರಿಕೊಂಡಿದ್ದ.

"ಪೊಲೀಸ್ರು ಬಂದ್ರೆ ಎಂತಾದ್ರೂ ಒಂದು ಹೇಳಿ ಕಳ್ಸಿ ಮಾಸ್ತರ್ರೆ. ನಾ ಹೇಳಿದ್ರೆ ನಂಬೂದಿಲ್ಲ. ನೀವು ಹೇಳಿದ್ರೆ ನಂಬ್ತ್ರು."

"ಸುಳ್ಳು ಹೇಳೂದಿಲ್ಲ ನಾನು" ಎಂದೆ.

"ಸುಳ್ಳು ಬ್ಯಾಡ. ನಿಜವನ್ನೇ ಸ್ವಲ್ಪ ಅಡ್ಡ ಮಾಡಿ ಹೇಳಿ."

ಅಂದು ನಾನು ರಜೆ ಹಾಕಿದ್ದೆ. ಹತ್ತೂವರೆಗೆ ಮೀನಿನ ಚೀಲ ಹಿಡಿದು ಪೇಟೆಯಿಂದ ಬರುತ್ತಿದ್ದೆ. ಕೇರಿಯ ಬಾಯಲ್ಲಿ, ಗೂಡಂಗಡಿಯ ಹತ್ತಿರ, ಬೈಕು ನಿಲ್ಲಿಸಿಕೊಂಡು ಒಬ್ಬ ಕಾನ್‌ಸ್ಟೇಬಲ್ ನಿಂತಿದ್ದರು. ಹೊಸಬರು. ಮಾತು ಕೇಳಿದರೆ ಘಟ್ಟದ ಮೇಲೆ, ಬಿಜಾಪುರದ ಕಡೆಯವರು. ಕೈಯಲ್ಲಿ ಒಂದು ಫೈಲು.

"ನಮಸ್ಕಾರ್ರಿ ಸರ. ಇಲ್ಲೆ ಮಂಜುನಾಥ ತಿಮ್ಮಪ್ಪ ನಾಯ್ಕ ಅನ್ನೋರ ಮನಿ ಯಾವ್ದ್ರಿ?"

"ಎಂತ ಕೆಲಸ ಇತ್ತು?"

"ಒಂದ್ ಎನ್‌ಕ್ವಾಯರಿ ಐತ್ರಿ."

ಬಂದೇ ಬಿಟ್ಟರು, ಕಂಬದ ವಿಷಯಕ್ಕೆ! ಎರಡನೆಯ ನಿಯಮವನ್ನು ಮನಸ್ಸಿನಲ್ಲಿ ಸ್ಮರಿಸಿ, ಒಂದೊಂದು ಮಾತನ್ನೂ ತೂಗಿ ಆಡಿದೆ. ಅಂದಿನ ಸಂಭಾಷಣೆ ನನಗೆ ಅಕ್ಷರಶಃ ನೆನಪಿದೆ. ಆಮೇಲೆ ಅದನ್ನು ಬರಹದಲ್ಲಿಯೂ ಓದಬೇಕಾಗಿ ಬಂತು.

"ಅವರು ಊರಲ್ಲಿಲ್ಲ."

"ಎಲ್ಲಿ ಹೋಗ್ಯಾರ್ರಿ?"

ಕಾಯ್ಕಿಣಿ ಎನ್ನುವಂತಿಲ್ಲ. ಸುಳ್ಳು ಹೇಳುವಂತಿಲ್ಲ. ನಮ್ಮ ಕಡೆ ಮನೆಯಲ್ಲಿ ಜಗಳವಾಗಿಯೋ ಸಾಲಕ್ಕೆ ಹೆದರಿಯೋ ಯಾರಾದರೂ ಹೇಳದೆ ಕೇಳದೆ ಹೊರಟುಹೋದರೆ ದೇಶಾಂತರ ಹೋದ ಅನ್ನುತ್ತೇವೆ. ಅವನು ಎರಡು ಊರಾಚೆಯ ಅಕ್ಕನ ಮನೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರೂ ದೇಶಾಂತರವೇ. ಅದಕ್ಕಿಂತ ನಿರಪಾಯವಾದ ಮಾತು ನನಗೆ ಹೊಳೆಯಲಿಲ್ಲ.

"ದೇಶಾಂತರ ಹೋಗಿದ್ದಾರೆ."

ಕಾನ್‌ಸ್ಟೇಬಲರ ಪೆನ್ನು ನಿಂತಿತು. "ಹೋಗೇ ಬಿಟ್ರ? ಕಾಗದಪತ್ರ ಇಲ್ದನ?"

"ಕಾಗದಪತ್ರ ಸರಿ ಇರಲಿಲ್ಲ. ಅದಕ್ಕೇ ಹೋದದ್ದು."

"ಹ್ಯಾಂಗ್ ಹ್ವಾದ್ರಂತ್ರಿ?"

"ಬೋಟಿನಲ್ಲಿ."

ಅವರು ನನ್ನ ಮುಖವನ್ನೂ ಸಮುದ್ರ ಇರುವ ದಿಕ್ಕನ್ನೂ ಒಮ್ಮೆ ನೋಡಿ, ಬಹಳ ಹೊತ್ತು ಬರೆದರು. ಇಷ್ಟು ಸಣ್ಣ ಉತ್ತರಕ್ಕೆ ಇಷ್ಟು ಬರೆಯುವುದೇನು ಎಂದು ನನಗೆ ಅನ್ನಿಸಿತು.

"ನಡತಿ ಹ್ಯಾಂಗ್ರಿ ಮನಷ್ಯಾಂದು?"

"ಒಳ್ಳೆಯವ. ಸಂಜೆ ಹೊತ್ತು ಸ್ವಲ್ಪ ಹಾಕ್ತಾನೆ. ಹಾಕಿದ ಮೇಲೂ ಯಾರ ತಂಟೆಗೂ ಹೋಗುವವನಲ್ಲ."

"ನಿಮಗ ಎಷ್ಟ್ ವರ್ಷದ ಪರಿಚಯ್ರಿ?"

"ಹುಟ್ಟಿದಾಗಿನಿಂದ."

"ಹಂಗಾದ್ರ ಇಲ್ಲೊಂದ್ ಸಹಿ ಮಾಡ್ರಿ. ನೆರೆಮನಿ ಸಾಕ್ಷಿ."

ಮೀನಿನ ಚೀಲವನ್ನು ಎಡಗೈಗೆ ದಾಟಿಸಿ ಸಹಿ ಮಾಡಿದೆ. ನನ್ನ ಸಹಿ ಇಪ್ಪತ್ತೆಂಟು ವರ್ಷ ಅಂಕಪಟ್ಟಿಗಳ ಮೇಲೆ ಬಿದ್ದು ಬಿದ್ದು ಯಾರಿಗೂ ಓದಲು ಬಾರದಷ್ಟು ಪಕ್ವವಾಗಿದೆ. ಅವರು ಓದಲು ಹೋಗಲೂ ಇಲ್ಲ. ಸಲಾಮು ಹೊಡೆದು ಹೊರಟರು. ನಾನು ಮನೆಗೆ ಬಂದು ಚೀಲ ಕೆಳಗಿಟ್ಟು, "ಒಂದೂ ಸುಳ್ಳು ಹೇಳದೆ ಒಬ್ಬ ಮನುಷ್ಯನನ್ನು ಉಳಿಸಿದೆ" ಎಂದು ಸುಮಿತ್ರಾಳಿಗೆ ಹೇಳಿದೆ.

"ಪೊಲೀಸರು ಮಂಜುನಾಥನ ಮನೆಗೇ ಹೋಗೂದು ಬಿಟ್ಟು ನಿಮ್ಮನ್ನ ಕೇಳ್ಕೊಂಡು ಹೋದ್ರಾ?" ಎಂದು ಅವಳು ಒಂದು ಪ್ರಶ್ನೆ ಕೇಳಿದಳು. ಹೆಂಗಸರಿಗೆ ವಿಚಾರಣೆಯ ಕ್ರಮ ತಿಳಿಯುವುದಿಲ್ಲ ಎಂದುಕೊಂಡೆ.

ಸುಮಿತ್ರಾಳ ಪಾಸ್‌ಪೋರ್ಟ್ ಮಾರ್ಚ್ ಕೊನೆಗೆ ಬಂತು. ನನ್ನದು ಹದಿನೈದು ದಿನ ತಡವಾಗಿ ಬರಬೇಕಲ್ಲ, ಬರುತ್ತದೆ. ಏಪ್ರಿಲ್ ಹತ್ತರಂದು ಶಾಲೆ ಮುಚ್ಚುವಾಗ ಮುಖ್ಯೋಪಾಧ್ಯಾಯರು ನನಗೆ ಶಾಲು ಹೊದಿಸಿ, ಹಾರ ಹಾಕಿ, ಇವರು ಚೀನದಿಂದ ಬಂದು ಜೂನ್ ತಿಂಗಳಲ್ಲಿ ನಿಮಗೆಲ್ಲ ಪಾಠ ಮಾಡುತ್ತಾರೆ ಎಂದು ಮಕ್ಕಳಿಗೆ ಸಾರಿದರು. ಮಕ್ಕಳು ಚಪ್ಪಾಳೆ ಹೊಡೆದರು. ನಾನು ಸಂಕೋಚದಿಂದ ಕೈ ಎತ್ತಿದೆ. ಇನ್ನೂ ಹೊರಡದವನಿಗೆ ಅಷ್ಟು ಹೂವು ಬೇಡವಾಗಿತ್ತು.

ಏಪ್ರಿಲ್ ಇಪ್ಪತ್ತಕ್ಕೆ ಭಟ್ಕಳದಿಂದ ಫೋನು. "ಮಾಸ್ತರ್ ಸಾಬ್, ಅಕ್ಕೋರದ್ದು ಬಂತು. ನಿಮ್ಮದೆಲ್ಲಿ?"

ಪೋಸ್ಟ್‌ಮ್ಯಾನ್‌ರನ್ನು ಕೇಳಿದರೆ, ಸರಕಾರಿ ಮೊಹರಿನ ಒಂದು ಲಕೋಟೆ ಮೂರು ವಾರದ ಹಿಂದೆಯೇ ಟೆಂಪೊದವರ ಮನೆಗೆ ಕೊಟ್ಟ ನೆನಪು ಎಂದರು. ಓಡಿದೆ. ಮಾದೇವಿ ಅಕ್ಕಿ ಡಬ್ಬಿಯ ಬುಡಕ್ಕೆ ಕೈ ಹಾಕಿ ಲಕೋಟೆ ತೆಗೆದು, ಹಿಟ್ಟು ಒರೆಸಿ ಕೊಟ್ಟಳು.

"ಇವರ ಕೇಸಿನ ಕಾಗದ ಅಂತ ಅಡಗ್ಸಿ ಇಟ್ಟಿದ್ದೆ ಮಾಸ್ತರ್ರೆ. ನಿಮಗೆ ಮತ್ತೆ ಮತ್ತೆ ತೊಂದ್ರೆ ಕೊಡೂದು ಬ್ಯಾಡ ಅಂತ."

ಅಲ್ಲೇ ಬೇಲಿಯ ಹತ್ತಿರ ನಿಂತು ಓದಿದೆ. ನಿಧಾನವಾಗಿ, ಎರಡು ಸಲ. ಪೊಲೀಸ್ ವರದಿ ಅರ್ಜಿದಾರರಿಗೆ ಪ್ರತಿಕೂಲವಾಗಿರುವುದರಿಂದ ಪಾಸ್‌ಪೋರ್ಟ್ ತಡೆಹಿಡಿಯಲಾಗಿದೆ. ಅರ್ಜಿದಾರರು ವಿಳಾಸದಲ್ಲಿ ವಾಸವಿಲ್ಲ. ಸೂಕ್ತ ದಾಖಲೆಗಳಿಲ್ಲದೆ, ಸಮುದ್ರಮಾರ್ಗವಾಗಿ, ಈಗಾಗಲೇ ವಿದೇಶಕ್ಕೆ ತೆರಳಿರುವುದಾಗಿ ತಿಳಿದುಬಂದಿದೆ.

ನಾನು ವಿದೇಶಕ್ಕೆ ಹೋಗಿದ್ದೆ. ನನಗೇ ತಿಳಿಸಿರಲಿಲ್ಲ!

ಅಂಥ ಸಿಟ್ಟು ನನಗೆ ಅದಕ್ಕೂ ಮೊದಲು ಬಂದದ್ದಿಲ್ಲ. ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಕೊಡೆಯನ್ನೂ ಮರೆತು ಠಾಣೆಗೆ ನಡೆದೆ. ಸುಮಿತ್ರಾ ಹಿಂದೆಯೇ ಬಂದಳು. ಸಬ್ ಇನ್‌ಸ್ಪೆಕ್ಟರು ಕುಮಟೆಯ ಕಡೆಯವರು, ಸಭ್ಯರು. ಕುರ್ಚಿ ಕೊಟ್ಟರು. ನಾನು ಕೂರಲಿಲ್ಲ.

"ಸ್ವಾಮಿ, ನಾನು ಹುಟ್ಟಿದ್ದು ಈ ಊರಲ್ಲಿ. ಇಪ್ಪತ್ತೆಂಟು ವರ್ಷದ ಹಾಜರಿ ಪುಸ್ತಕ ತೋರಿಸಬಲ್ಲೆ. ನಾನು ಊರು ಬಿಟ್ಟು ಓಡಿಹೋಗಿದ್ದೇನೆ ಎಂದು ಯಾವನೋ ನಿಮಗೆ ಸುಳ್ಳು ಸಾಕ್ಷಿ ಹೇಳಿದ್ದಾನೆ. ನನ್ನ ಮೇಲೆ ಹೊಟ್ಟೆಕಿಚ್ಚಿನವನೇ ಇರಬೇಕು. ಆ ಸಾಕ್ಷಿದಾರ ಯಾರು? ಅವನನ್ನು ಇಲ್ಲಿಗೆ ಕರೆಸಿ. ನನ್ನ ಎದುರಿಗೆ ನಿಲ್ಲಿಸಿ. ಕಾನೂನಿನಲ್ಲಿ ಏನು ಶಿಕ್ಷೆ ಇದೆಯೋ ಅದನ್ನು ಕೊಡಿಸದೆ ನಾನು ಇಲ್ಲಿಂದ ಏಳುವುದಿಲ್ಲ."

ಕೂತಿರಲಿಲ್ಲವಾದ್ದರಿಂದ ಏಳುವ ಪ್ರಶ್ನೆ ಇರಲಿಲ್ಲ, ಆದರೆ ಮಾತು ಗಂಭೀರವಾಗಿ ಬಂತು. ಸಬ್ ಇನ್‌ಸ್ಪೆಕ್ಟರು ಫೈಲು ತರಿಸಿ ಓದಿ ಹೇಳಿದರು. ಊರಲ್ಲಿಲ್ಲ. ದೇಶಾಂತರ. ಬೋಟು. ಸಂಜೆ ಹೊತ್ತು ಮದ್ಯಪಾನದ ಅಭ್ಯಾಸ ಉಂಟು.

ಸುಮಿತ್ರಾ ನನ್ನ ಕಡೆ ತಿರುಗಿದಳು. ನಾನು ಸಬ್ ಇನ್‌ಸ್ಪೆಕ್ಟರ ಮೇಜಿನ ಮೇಲಿನ ಪೇಪರ್‌ವೇಟ್ ನೋ‌ಡುತ್ತಿದ್ದೆ. ಆ ಶಬ್ದಗಳನ್ನು ಎಲ್ಲೋ ಕೇಳಿದ ಹಾಗಿತ್ತು.

"ಸಾಕ್ಷಿ ಸಹಿ ಇತ್ತು ಇಲ್ಲಿ" ಎಂದು ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ನಮಗೆ ಓದಲಿಕ್ಕೆ ಬರೂದಿಲ್ಲ. ಯಾರದ್ದು ಅಂತ ನೀವೇ ಹೇಳಿ. ಈಗಲೇ ಕರೆಸುವ."

ಕನ್ನಡಕ ಒರೆಸಿಕೊಂಡೆ. ನೋಡಿದೆ. ಕೊನೆಯ ಅಕ್ಷರದ ಬಾಲ ಬಲಕ್ಕೆ ಎಳೆದು, ಅಡಿಯಲ್ಲಿ ಎರಡು ಚುಕ್ಕೆ. ಸಹಿಯ ಪಕ್ಕದಲ್ಲಿ ಒಂದು ತಾರ್ಲೆ ಮೀನಿನ ಹುರುಪೆ ಅಂಟಿ ಒಣಗಿತ್ತು.

"ಅದು ನಾನು" ಎಂದೆ.

ಅಷ್ಟರಲ್ಲಿ ಆ ಬಿಜಾಪುರದ ಕಾನ್‌ಸ್ಟೇಬಲ್ ಒಳಗೆ ಬಂದವರು ನನ್ನನ್ನು ಕಂಡು ಮುಖ ಅರಳಿಸಿ, "ಇವ್ರ ನೋಡ್ರಿ ಸರ, ಆವತ್ತ್ ಭಾಳ ಸಹಕಾರ ಮಾಡಿದವ್ರು" ಎಂದರು.

ಸಬ್ ಇನ್‌ಸ್ಪೆಕ್ಟರು ಬಹಳ ಮೆತ್ತಗೆ ಕೇಳಿದರು. "ಎಂತಕ್ಕೆ ಹೀಗೆ ಮಾಡಿದ್ರಿ ಮಾಸ್ತರ್ರೆ?"

ಗಾಬರಿಯಲ್ಲಿ ಎಲ್ಲವನ್ನೂ ಹೇಳಿದೆ. ಟೆಂಪೊ, ಮೀನು ಮಾರ್ಕೆಟ್ಟು, ಕಂಬ, ಅವಧಿ ಮುಗಿದ ಕಾಗದಪತ್ರ, ಕಾಯ್ಕಿಣಿಯ ಮಾವನ ಮನೆ.

"ಯಾವ ಕಂಬ?" ಎಂದರು ಅವರು. "ಅಂಥ ದೂರೇ ಬರಲಿಲ್ಲ ನಮಗೆ." ಪೆನ್ನಿನ ಮುಚ್ಚಳ ತೆಗೆದರು. "ಇರಲಿ. ಟೆಂಪೊ ನಂಬರ್ ಎಷ್ಟು?"

ಮಾರ್ಕೆಟ್ಟಿನ ಮೀನುಗಾರ್ತಿಯರು ಅವತ್ತೇ ಮಂಜುನಾಥನನ್ನು ಮನಸಾರೆ ಬೈದು, ಮರುದಿನ ಬೇರೆ ಕಂಬ ನಿಲ್ಲಿಸಿ ಮರೆತಿದ್ದರಂತೆ. ಅವನು ಕಾಯ್ಕಿಣಿಯಿಂದ ಬಂದು ಒಂದು ತಿಂಗಳಿಂದ ರಾಜಾರೋಷವಾಗಿ ಟೆಂಪೊ ಓಡಿಸುತ್ತಿದ್ದ. ಅವನ ಮೇಲೆ ಇದ್ದ ಒಂದೇ ಒಂದು ಸಾಕ್ಷಿ ನಾನು. ಅವನನ್ನು ಉಳಿಸಲು ಹೋಗಿ ನಾನು ಸಿಕ್ಕಿಬಿದ್ದೆ. ನಾನು ಬಿಡಿಸಿಕೊಳ್ಳಲು ಹೋಗಿ ಅವನನ್ನು ಹಿಡಿದುಕೊಟ್ಟೆ.

ಮರುದಿನದಿಂದ ನಾನು ಊರಲ್ಲಿದ್ದೇನೆ ಎಂದು ಸಾಬೀತು ಮಾಡುವ ಕೆಲಸ ಶುರುವಾಯಿತು. ಹಾಜರಿ ಪುಸ್ತಕ ಒಯ್ದೆ. ಅದರಲ್ಲಿ ಇಡೀ ಮಾರ್ಚ್ ತಿಂಗಳು ನಾನು ಹಾಜರಿದ್ದೆ, ವಿಚಾರಣೆಯ ದಿನ ಒಂದನ್ನು ಬಿಟ್ಟು. ರಜೆಯ ಕಾರಣ ಎಂಬಲ್ಲಿ ನನ್ನ ಕೈಯಲ್ಲೇ ಬರೆದಿತ್ತು: 'ವಿದೇಶ ಪ್ರಯಾಣದ ನಿಮಿತ್ತ'. ಅಂದು ಪೆಟ್ಟಿಗೆ ಕೊಳ್ಳಲು ಹೋಗಬೇಕೆಂದಿದ್ದೆ. ನೆರೆಯ ಇಬ್ಬರ ಸಹಿ ಬೇಕೆಂದರು. ಟೆಂಪೊ ಮಂಜುನಾಥ ದೊಡ್ಡ ಮನಸ್ಸಿನವನು.

"ನೀವು ನನ್ನ ಮೇಲೆ ಹೇಳಿದ್ರಿ, ಆದ್ರೂ ನಾ ನಿಮ್ಮ ಪರ ಹೇಳ್ತೆ. ಹೌದು, ನನಗೆ ಸಿಟ್ಟು ಇಲ್ಲ. ಅದೇನೋ, ಸಂಜೆ ಹಾಕೂದು ಯಾರು ಅಂತ ಬರೆಸಿದ್ರಿ?"

"ಅದು ನನ್ನ ಹೆಸರಲ್ಲಿ ಬಿದ್ದಿದೆ" ಎಂದೆ.

"ಹಾಂಗಾರೆ ಬರ್ತೆ ನಡೀರಿ" ಎಂದ.

ಬಂದು ಸಹಿ ಮಾಡಿದ. ಎಂ. ಟಿ. ನಾಯ್ಕ ಊರಲ್ಲೇ ಇರುವುದು ನಿಜ ಎಂದು ಎಂ. ಟಿ. ನಾಯ್ಕ ಬರೆದುಕೊಟ್ಟ. ಸಬ್ ಇನ್‌ಸ್ಪೆಕ್ಟರು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡು, "ಬೇರೆ ಹೆಸರಿನವರನ್ನ ಕರ್ಕೊಂಡು ಬನ್ನಿ ಮಾಸ್ತರ್ರೆ, ದಮ್ಮಯ್ಯ" ಎಂದರು. ನಮ್ಮ ಕೇರಿಯಲ್ಲಿ ಅದು ಒಂದು ದಿನದ ಕೆಲಸವಲ್ಲ.

ವರದಿ ತಿದ್ದಿ ಮೇಲಕ್ಕೆ ಹೋಯಿತು. ಪೊಲೀಸರು ತಪ್ಪು ಮಾಡಲಿಲ್ಲ, ತಡವನ್ನೂ ಮಾಡಲಿಲ್ಲ. ಕಾಗದ ಹೋಗಿ ಬರಲು ಎಷ್ಟು ದಿನ ಬೇಕೋ ಅಷ್ಟು ಬೇಕಿತ್ತು. ನಮ್ಮಲ್ಲಿ ಅಷ್ಟು ಉಳಿದಿರಲಿಲ್ಲ. ಏಪ್ರಿಲ್ ಕೊನೆಯ ದಿನ ಇಕ್ಬಾಲ್ ಸಾಹೇಬರು ಫೋನಿನಲ್ಲಿ ಬಹಳ ಬೇಸರದಿಂದ ಮಾತಾಡಿದರು. ಅಕ್ಕೋರ ಜಾಗ ಇದೆ. ನನ್ನದು ಬೇರೆ ಯಾರಿಗಾದರೂ ಕೊಡಬೇಕು, ಇವತ್ತೇ.

ಫೋನು ಇಟ್ಟೆ. ಸುಮಿತ್ರಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನಾನೂ ಹೋಗೂದಿಲ್ಲ ಬಿಡಿ" ಎಂದಳು. "ನಿಮ್ಮ ಊರು ಅದು. ನಾ ಒಬ್ಳೇ ಹೋಗಿ ಎಂತ ಮಾಡೂದು?"

ಅವಳು ನಾಲ್ಕು ತಿಂಗಳು ಸೇತುವೆಯವರೆಗೆ ನಡೆದದ್ದನ್ನು ಲೆಕ್ಕ ಹಾಕಿದೆ. ಅವಳ ಚಪ್ಪಲಿಯ ಹಿಮ್ಮಡಿ ಸವೆದಿತ್ತು. ಮದುವೆಯಾದಾಗಿನಿಂದ ಅವಳು ಹುಬ್ಬಳ್ಳಿಯ ಆಚೆ ಹೋದವಳಲ್ಲ. ನಾನು ಹೇಳಿದ ಕಥೆಯನ್ನು ಇಪ್ಪತ್ತೆಂಟು ಸಲ ಅವಳೂ ಕೇಳಿದ್ದಳು, ಸಂಬಳವಿಲ್ಲದೆ.

"ಒಬ್ಬರಾದರೂ ಹೋಗಿ ಮುಖ ತೋರಿಸ್ಬೇಕು ಅಂತ ನಾನು ಹೇಳಿದ್ದು" ಎಂದೆ. "ಇಬ್ಬರು ಅಂತ ಎಲ್ಲೂ ಹೇಳಲಿಲ್ಲ. ನಿನ್ನ ಅಕ್ಕನಿಗೆ ಫೋನು ಮಾಡು. ಅವಳ ಹತ್ತಿರ ಪಾಸ್‌ಪೋರ್ಟ್ ಇದೆಯಲ್ಲ."

ಕುಮಟೆಯ ಅಕ್ಕ ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೋಗಿ ಬಂದವಳು. ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದಳು. "ಭಾವ, ಅಲ್ಲಿ ಕುಚ್ಚಲಕ್ಕಿ ಗಂಜಿ ಸಿಗ್ತದ್ಯಾ?" ಸಿಗುತ್ತದೆ ಎಂದೆ. ಆ ದಿನಗಳಲ್ಲಿ ಸುಳ್ಳಿನ ವಿಷಯದಲ್ಲಿಯೂ ನನ್ನ ನಿಯಮ ಸಡಿಲಾಗಿತ್ತು.

ಅಕ್ಕತಂಗಿಯರು ಹೋದರು. ನಾನು ರೈಲ್ವೆ ಸ್ಟೇಷನ್ನಿನವರೆಗೆ ಹೋಗಿ, ನಾನು ನನಗೆಂದು ಬರೆದಿಟ್ಟಿದ್ದ ನಲವತ್ತು ಪುಟದ ಟಿಪ್ಪಣಿಯನ್ನು ಅವಳ ಕೈಯಲ್ಲಿ ಇಟ್ಟೆ. ಶಾಲು ಹೊದಿಸಿಕೊಂಡು ಬೀಳ್ಕೊಡುಗೆ ಪಡೆದವನು ಊರಲ್ಲಿ ತಿರುಗಾಡುವುದು ಹೇಗೆ? ಹತ್ತು ದಿನ ಹಗಲು ಮನೆಯಲ್ಲೇ ಇದ್ದೆ. ಕಡ್ಡಿಯಲ್ಲಿ ಊಟ ಮಾಡುವುದನ್ನು ಕಲಿತೆ. ಬೆಕ್ಕು ಬರುವುದನ್ನು ಬಿಟ್ಟಿತು.

ಒಂಬತ್ತನೆಯ ದಿನ ನನ್ನ ಪಾಸ್‌ಪೋರ್ಟ್ ಬಂತು. ಈ ಸಲ ಪೋಸ್ಟ್‌ಮ್ಯಾನ್ ನೇರವಾಗಿ ನನ್ನ ಕೈಗೇ ಕೊಟ್ಟರು. ಅದನ್ನು ಇಂದಿನವರೆಗೆ ಎರಡು ಕಡೆ ಬಳಸಿದ್ದೇನೆ. ಗ್ಯಾಸ್ ಏಜೆನ್ಸಿಯಲ್ಲಿ ಒಮ್ಮೆ, ಟೆಲಿಫೋನ್ ಕಚೇರಿಯಲ್ಲಿ ಒಮ್ಮೆ. ಎರಡು ಕಡೆಯೂ ನಾನು ಇದೇ ಕೇರಿಯಲ್ಲಿ ವಾಸವಾಗಿದ್ದೇನೆ ಎನ್ನುವುದಕ್ಕೆ ಪುರಾವೆಯಾಗಿ. ಖಾಕಿ ಬಟ್ಟೆಯವರು ಎದುರಾದರೆ ಈಗಲೂ ಅವರು ಕೇಳುವ ಮುಂಚೆಯೇ ನನ್ನ ಹೆಸರು, ತಂದೆಯ ಹೆಸರು, ವೃತ್ತಿ ಹೇಳಿಬಿಡುತ್ತೇನೆ.

ಜೂನ್ ಬಂತು. ಮೊದಲ ವಾರದ ಮಳೆ ಹಂಚಿನ ಮೇಲೆ ಹೊಯ್ಯುತ್ತಿತ್ತು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, ನೋಯಿಸದ ಹಾಗೆ ಹೇಳಲು ಶಬ್ದ ಹುಡುಕುತ್ತಿದ್ದರು. ನಾನೇ ಹೇಳಿದೆ. ಪಾಠವನ್ನು ಅಕ್ಕೋರೇ ಮಾಡಲಿ.

ಅವಳು ಬಂದಳು. ನಾನು ಕೊನೆಯ ಬೆಂಚಿನಲ್ಲಿ, ಉದ್ದದ ಹುಡುಗರ ನಡುವೆ, ಕಾಲು ಮಡಚಿ ಕೂತೆ. ಅವಳು ನನ್ನ ಟಿಪ್ಪಣಿ ತಂದಿರಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಕೋಟೆಗೋಡೆ ಬರೆದಳು.

"ಇದು ಅವನು ದಾಟಿ ಬಂದ ಗೋಡೆ ಅಲ್ಲ ಮಕ್ಕಳೇ" ಎಂದಳು. "ಅವನ ಕಾಲದ್ದು ಬಿದ್ದುಹೋಗಿದೆ. ಈಗ ಇರೂದು ಆಮೇಲೆ ಎಷ್ಟೋ ನೂರು ವರ್ಷ ಕಳೆದು ಕಟ್ಟಿದ್ದು. ಅಲ್ಲಿಯವರೇ ಹೇಳಿದ್ರು. ಆದ್ರೂ ಅದರ ಮೇಲೆ ನಿಂತು ಪಡುವಣ ದಿಕ್ಕಿಗೆ ನೋಡಿದೆ. ದಾರಿ ಒಂದು ಹೋಗ್ತಾನೇ ಇತ್ತು. ಕಾಲು ನೋಯ್ತಿತ್ತು ನನಗೆ. ಅಷ್ಟು ದೂರ ಅವನು ಒಬ್ಬನೇ ಎಂತಕ್ಕೆ ಬಂದ? ಅವನ ರಾಜ ಹೋಗ್ಬೇಡ ಅಂದಿದ್ದ. ಅಂದ್ರೆ ಅಪ್ಪಣೆ ಕಾಗದ ಇಲ್ಲದೆ ಹೊರಟವನು ಅವನು."

ಅವಳು ಒಂದು ಕ್ಷಣ ಕೊನೆಯ ಬೆಂಚಿನ ಕಡೆ ನೋಡಿದಳು. ಹುಡುಗರೂ ತಿರುಗಿ ನೋಡಿದರು. ನಾನು ಪುಸ್ತಕದಲ್ಲಿ ಮುಖ ಇಟ್ಟೆ.

"ಹೇಗಾದರೂ ಹೋಗಲೇಬೇಕು ಅನ್ನಿಸಿರಬೇಕು ಅವನಿಗೆ" ಎಂದು ಅವಳು ಮುಂದುವರಿಸಿದಳು. ಯಾರೂ ಗಂಟೆ ಹೊಡೆದದ್ದನ್ನು ಕೇಳಲಿಲ್ಲ.

ಇಪ್ಪತ್ತೆಂಟು ಸಲ ಮಾಡಿದ ಪಾಠ ಅದು. ಇಪ್ಪತ್ತೊಂಬತ್ತನೆಯ ಸಲ ನನಗೆ ಅರ್ಥವಾಯಿತು.